ಮರಳುತ್ತದೆ

ಪಾರ್ಸೆಲ್ಲು ಬಂದದ್ದು ಮಂಗಳವಾರ,
ಮೂರನೇ ನಂಬರಿನ ಟ್ರಾಮನ್ನು ಡಿಪೋಗೆ ಬಿಟ್ಟು
ನಾನು ಮನೆಗೆ ಬಂದ ಮೇಲೆ.
ಗುಲಾಬಿ ಬಣ್ಣದ ಗ್ರಾಮಫೋನ್ ತಟ್ಟೆ, ಎರಡು.
ಲಕೋಟೆಯ ಮೇಲೆ ನಮ್ಮ ಬ್ಯಾಂಡಿನ ಹೆಸರು: ನಾಲ್ಕನೇ ಪಾಳಿ.
ಕೆಳಗೆ ಸಣ್ಣಕ್ಷರದಲ್ಲಿ ಹನ್ನೊಂದು ಜನ ಅತಿಥಿಗಳು:
ಲಿಸ್ಬನ್ನಿನವನು, ಒಸಾಕಾದವಳು, ಲೇಗೋಸಿನ ಅಣ್ಣತಮ್ಮಂದಿರು,
ಬರ್ಲಿನ್ನಿನ ಒಬ್ಬ ಹುಡುಗ. ನಮ್ಮ ಹಾಡು ಹಿಟ್ ಆದ ವರ್ಷ
ಅವನ ಅಮ್ಮನಿಗೇ ಹಾಲುಹಲ್ಲು ಬಿದ್ದಿರಲಿಕ್ಕಿಲ್ಲ.

ಅತಿಥಿಗಳೆಂದರೆ ನಮ್ಮ ತಾಂಪೆರೆಯಲ್ಲಿ
ಹೊಸಿಲಿನ ಹತ್ತಿರ ಬೂಟು ಕಳಚುತ್ತಾರೆ,
ಕಾಫಿ ಕುಡಿದು, ಈ ಸಲದ ಹಿಮದ ಬಗ್ಗೆ ಎರಡು ಮಾತಾಡಿ
ಹೊರಟುಹೋಗುತ್ತಾರೆ.
ಇವರು ಗೋಡೆ ಒಡೆದಿದ್ದಾರೆ,
ಅಡುಗೆಮನೆಯನ್ನು ಅಟ್ಟಕ್ಕೇರಿಸಿದ್ದಾರೆ,
ಮಂಚವಿದ್ದ ಕಡೆ ಈಜುಕೊಳ.

ಒಲೆಯ ಮೇಲೆ ನೀರಿಟ್ಟು ಕೇಳಲು ಕೂತೆ.

ಮೊದಲ ಬದಿಯಲ್ಲಿ ನಾನಿಲ್ಲ.
ಡ್ರಮ್ಮು ಬಾರಿಸಿದವಳು ನಾನು,
ನನ್ನ ಕೈ ಇದ್ದಲ್ಲಿ ಈಗ
ಯಾವುದೋ ಯಂತ್ರ ಬೆವರದೆ ಬಡಿಯುತ್ತಿದೆ.
ನಾಲ್ಕನೆಯದರಲ್ಲಿ ಒಂದು ಸಿಂಬಲ್ ಕೇಳಿತು, ಬಹುಶಃ ನನ್ನದೇ.
ಬಾಲ ಹಿಡಿದು ಹಿಂದಕ್ಕೆಳೆದಿದ್ದಾರೆ:
ಮೊದಲು ಮೊಳಗು, ಆಮೇಲೆ ಏಟು.

ಅಮ್ಮ ಹಳೇ ಅಂಗಿಗಳನ್ನು ಸೀಳಿ ಜಮಖಾನೆ ನೇಯುತ್ತಿದ್ದಳು.
ನೆಲದ ಮೇಲೆ ಅಂಬೆಗಾಲಿಟ್ಟು ನಾನು ಹುಡುಕುವುದು,
ಅಪ್ಪನ ಪೈಜಾಮದ ನೀಲಿ ಪಟ್ಟೆ ಎಲ್ಲಿ, ಎಲ್ಲಿ ಅಂತ.
ಸಿಕ್ಕರೆ ಅದರ ಮೇಲೆ ಕೆನ್ನೆಯಿಟ್ಟು ಮಲಗುವುದು.
ಐವತ್ತೆಂಟರ ವಯಸ್ಸಿನಲ್ಲಿ ಈಗ
ಸ್ಪೀಕರಿಗೆ ಕೆನ್ನೆ.

ಎಂಬತ್ತಾರರ ಚಳಿಗಾಲ, ಮುಚ್ಚಿದ ಹತ್ತಿ ಗಿರಣಿಯ ಮೂರನೇ ಮಹಡಿ.
ಬೆರಳ ತುದಿ ಕತ್ತರಿಸಿದ ಕೈಗವಸು.
ಕೌಕೊನ ಕೀಬೋರ್ಡಿನ ಎರಡು ಮನೆ ಕೆಟ್ಟಿದ್ದವು,
ಆ ಎರಡು ಸ್ವರ ಬೇಡದ ಹಾಗೆಯೇ ಹಾಡು ಕಟ್ಟಿದೆವು.
ಒರ್ವೊಕ್ಕಿ ಅಪ್ಪನ ಕೋಟು ಹಾಕಿಕೊಂಡು ಹಾಡಿದಳು:
'ಎನ್ ಪಲಾ'. ನಾನು ಮರಳುವುದಿಲ್ಲ.
ಹಡಗುಕಟ್ಟೆಯಲ್ಲಿ, ವಿಚ್ಛೇದನದ ರಾತ್ರಿಗಳಲ್ಲಿ,
ಶಾಲೆ ಬಿಡುವ ಮಕ್ಕಳ ಬಾಯಲ್ಲಿ ಇಡೀ ದೇಶ ಅದನ್ನೇ ಹಾಡಿತು.
ಹಾಡಿದವರೆಲ್ಲ ಮರಳಿದರು, ಸಂಬಳ, ಸಾಲ, ಗಂಡ ಅಂತ.
ಮಾತಿಗೆ ನಿಂತವಳು ಅವಳೊಬ್ಬಳೇ.
ವ್ಯಾನು ಮಾರಿದ ದುಡ್ಡಿಗೆ ನನ್ನೊಂದಿಗೆ ಜಗಳವಾಡಿ
ಸಮುದ್ರ ದಾಟಿ ಸ್ವೀಡನ್ನಿಗೆ ಹೋದವಳು
ಇಪ್ಪತ್ಮೂರು ವರ್ಷ ಈ ಕಡೆ ತಲೆ ಹಾಕಿಲ್ಲ.

ಒಂಬತ್ತನೆಯದು ಒಸಾಕಾದವಳದು.
ಪಾಪ, ಅವಳಿಗೆ ನಮ್ಮ ಭಾಷೆ ಬರುವುದಿಲ್ಲ.
ಮೊದಲ ಪದಕ್ಕೆ ಉಸಿರಿನ ಸದ್ದು ಅಂಟಿತ್ತಲ್ಲ,
ಹುಳುಕು ಹಲ್ಲು ಕಿತ್ತ ಹಾಗೆ ಕಿತ್ತುಹಾಕಿದ್ದಾಳೆ.
ಉಸಿರಿನ ಜೊತೆ 'ಇಲ್ಲ'ವೂ ಹೋಯಿತು.
ಉಳಿದದ್ದು: ಪಲಾ. ಪಲಾ. ಪಲಾ.
ಮರಳುತ್ತದೆ.
ನಮ್ಮಲ್ಲಿ ಅದೇ ಪದಕ್ಕೆ ಉರಿಯುತ್ತದೆ ಎಂದೂ ಅರ್ಥ.
ಏಳು ನಿಮಿಷ, ಒಂದೇ ಪದ,
ಇಪ್ಪತ್ತರ ಒರ್ವೊಕ್ಕಿಯ ಗಂಟಲಲ್ಲಿ
ಮರಳುತ್ತದೆ ಉರಿಯುತ್ತದೆ ಮರಳುತ್ತದೆ

ಅಡುಗೆಮನೆಯಲ್ಲಿ ನೀರು ಮರಳಿ ಮರಳಿ
ಪಾತ್ರೆಯ ತಳ ಹತ್ತಿತ್ತು. ಓಡಿಹೋಗಿ ಒಲೆ ಆರಿಸಿದೆ.
ಕಿಟಕಿ ತೆಗೆದೆ. ಸುಟ್ಟ ವಾಸನೆ, ಆಚೆ ಕತ್ತಲು,
ನಾನು ಬಿಟ್ಟುಬಂದ ಟ್ರಾಮನ್ನು ಇನ್ಯಾರೋ ಓಡಿಸುತ್ತಿದ್ದರು.

ಹಳೇ ಡೈರಿಯಲ್ಲಿ ನಂಬರಿತ್ತು.
ಹೋಗಿರುತ್ತದೆ ಅಂದುಕೊಂಡೇ ಒತ್ತಿದೆ. ಹೋಗಿರಲಿಲ್ಲ.

'ಇರ್ಮೆಲಿ' ಅಂದೆ, ನನ್ನ ಹೆಸರು, ಅಷ್ಟೇ.
ಆ ಕಡೆ ಅವಳು ಉಸಿರೆಳೆದುಕೊಂಡಳು.
ಅದೇ ಉಸಿರು! ಹಾಡಿಗೆ ಮೊದಲು ಎಳೆದುಕೊಳ್ಳುತ್ತಿದ್ದದ್ದು,
ಒಸಾಕಾದವಳು ಕತ್ತರಿಸಿ ಬಿಸಾಕಿದ್ದು.
ಅದರ ಹಿಂದೆ 'ಇಲ್ಲ' ಬರಬೇಕು, ಲೆಕ್ಕದ ಪ್ರಕಾರ.
ನನ್ನ ಬೆರಳು ಮೇಜಿನ ಮೇಲೆ ತಾನೇ ಎಣಿಸತೊಡಗಿತು,
ಒಂದು, ಎರಡು, ಮೂರು,

'ವ್ಯಾನಿನ ದುಡ್ಡು' ಅಂದಳು, 'ಇನ್ನೂ ಬಂದಿಲ್ಲ.'