ಖಾಲಿ ಗಾಡಿ

ಸುಟ್ಟ ವಾಸನೆ ಮೊದಲು ಬಂತು, ಆಮೇಲೆ ಗಾಡಿ.
ಹೇಲಿಯ ಈ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ,
ಮೂಗಿಗೇ ಗೊತ್ತಾಗಿಬಿಡುತ್ತದೆ.
ಗ್ರಾಸಿಯಾನಾ ಉರ್ಕಿಡಿ ಇಳಿದಳು,
ಆಸ್ಪತ್ರೆಯಲ್ಲಿ ಹಾಕುವ ಹಾಗೆ ಮೆತ್ತಗೆ ಬಾಗಿಲು ಹಾಕಿದಳು.
"ಗಲೀನಾ ಘಾಟಿಯ ಮೂರನೇ ತಿರುವು, ವರ್ಲ್.
ಇಂಜಿನ್ನು ಕೂಗಿತು, ಚಕ್ರ ಕೇಳಿಸಿಕೊಳ್ಳಲಿಲ್ಲ."

ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಗೇರ್‌ಬಾಕ್ಸ್ ಇಳಿಸಿ ನೋಡಿದೆ. ಕ್ಲಚ್ಚಿನ ತಟ್ಟೆ
ರಿವೆಟ್ಟು ಕಾಣುವಷ್ಟು ಸವೆದಿತ್ತು,
ಫ್ಲೈವೀಲಿನ ಮುಖದಲ್ಲಿ ನೀಲಿ ಬರೆಗಳು.
ಒಂದೂವರೆ ಲಕ್ಷ ಮೈಲಿ ಎಳೆದಿದೆ ಪಾಪ:
ನೀರಿನ ಟ್ಯಾಂಕು, ಕುಂಟುಬಿದ್ದ ಕುರಿಗಳ ಟ್ರೇಲರು,
ಕುರುಬರು ಮಲಗುವ ಗುಂಡು ಚಾವಣಿಯ ಬಂಡಿ,
ಒಮ್ಮೆ ಅವಳ ಅತ್ತೆಯ ಪಿಯಾನೋ.
ಬೈಯುವುದಕ್ಕೆ ಏನೂ ಇಲ್ಲ.

ಬೆಂಚಿನ ಮೇಲೆ ಮೂರು ಪೆಟ್ಟಿಗೆ ತೆರೆದಿಟ್ಟೆ.
"ಇದು ಮೊದಲಿದ್ದಂಥದೇ. ಮೆದು, ಅಗ್ಗ,
ಎರಡು ಚಳಿಗಾಲಕ್ಕೆ ಮತ್ತೆ ಇಲ್ಲೇ ಬರುತ್ತೀಯ.
ಇದು ಜೋಡಿ ತಟ್ಟೆ. ಬೆಟ್ಟಕ್ಕೇ ಕೊಕ್ಕೆ ಹಾಕಿದರೂ ಜಾರುವುದಿಲ್ಲ.
ಆದರೆ ನಿಂತಲ್ಲಿ ಡಬ್ಬಿಯೊಳಗೆ ಮೊಳೆ ಕುಲುಕಿದ ಸದ್ದು,
ಮತ್ತೆ ಯಾವುದಾದರೂ ಒಂದು ಮೊದಲು ಸೋಲಲೇಬೇಕು;
ಇದು ಸೋಲದಿದ್ದರೆ ಗೇರ್‌ಬಾಕ್ಸಿನ ಹಲ್ಲು ಉದುರುತ್ತದೆ.
ಇದು ನಡುವಿನದು. ಒಂದೇ ತಟ್ಟೆ,
ಒಂದು ಮೈ ಮೆದು, ಇನ್ನೊಂದು ಮೈ ಒರಟು."

ಅವಳ ಬೆರಳು ಜೋಡಿ ತಟ್ಟೆಯ ಮೇಲೆ ಹೋಯಿತು.
ಘಾಟಿಯಲ್ಲಿ ಒಮ್ಮೆ ಹೆದರಿದವರ ಬೆರಳು ಅಲ್ಲಿಗೇ ಹೋಗುತ್ತದೆ.
ನನಗೇನು, ಲಾಭವೂ ಅದರಲ್ಲೇ ಜಾಸ್ತಿ.
ಆದರೂ ಬಾಯಿ ಸುಮ್ಮನಿರಲಿಲ್ಲ:
"ಪೆಡಲು ತುಳಿಯುವವರು ಯಾರು?"

ವಿಲ್ಬರ್ ಹುವಾಮಾನಿ. ಪೆರುವಿನ ಬೆಟ್ಟಗಳ ಕಡೆಯವನು,
ಆರು ವರ್ಷದಿಂದ ಅವಳ ಕುರಿ ಕಾಯುತ್ತಾನೆ.
ಜೂನಿನಲ್ಲಿ ಹೇಸರಗತ್ತೆ ಒದ್ದು ಎಡಗಾಲಿನ ಹರಡು ಮುರಿದಿತ್ತು.
ಹೊರಗೆ ನಾಯಿಗೆ ನೀರಿಡುತ್ತಿದ್ದ.

ಅಂಗಳದಲ್ಲಿ ಸೌದೆ ಮಾರುವವನ ಗಾಡಿ ನಿಂತಿತ್ತು,
ಅದರ ಹೊಟ್ಟೆಯಲ್ಲೂ ಅದೇ ಜೋಡಿ ತಟ್ಟೆ.
"ಹತ್ತಿ ಕೂತು ಇಪ್ಪತ್ತು ಸಲ ತುಳಿ" ಎಂದೆ.
ಏಳರವರೆಗೆ ನಗುತ್ತಿದ್ದ.
ಹನ್ನೊಂದಕ್ಕೆ ಒಂದು ಕೈ ಸ್ಟೀರಿಂಗು ಬಿಟ್ಟು ಸೀಟಿನ ಅಂಚು ಹಿಡಿಯಿತು.
ಇಪ್ಪತ್ತೂ ಮುಗಿಸಿದ. "ಚೆನ್ನಾಗಿದೆ" ಅಂದ.
ಮೇಲ್ದುಟಿಯ ಬೆವರು ಒರೆಸಿಕೊಳ್ಳಲಿಲ್ಲ,
ಒರೆಸಿದರೆ ಕಾಣುತ್ತದಲ್ಲ.

ಹಿಂದಿನ ದಿನವಷ್ಟೇ ಮರಿಗಳನ್ನು ಮಾರಿ ಬಂದಿದ್ದ ಗ್ರಾಸಿಯಾನಾ
ಅವನಿಗೂ ಕೇಳುವಷ್ಟು ಜೋರಾಗಿ ಹೇಳಿದಳು:
"ನಡುವಿನದು ಹಾಕು, ವರ್ಲ್.
ಅಷ್ಟೊಂದು ದುಡ್ಡು ಎಲ್ಲಿದೆ ನನ್ನ ಹತ್ತಿರ?"

ಮಂಗಳವಾರ ಸಂಜೆ ಕೊನೆಯ ಬೋಲ್ಟು ಬಿಗಿದೆ.
ಹೇಳಲೇಬೇಕಾದದ್ದನ್ನು ಆಮೇಲೆ ಹೇಳಿದೆ:
ಹೊಸ ತಟ್ಟೆ ಹೊಸ ಚಪ್ಪಲಿಯ ಹಾಗೆ, ಕಚ್ಚುವುದು ಬಿಟ್ಟು ಕೂರಬೇಕು.
ಐನೂರು ಮೈಲಿ ಕೊಕ್ಕೆಗೆ ಏನೂ ಸಿಕ್ಕಿಸಕೂಡದು.
ನೆಟ್ಟಗೆ ಓಡಿಸಿದ್ದು ಲೆಕ್ಕಕ್ಕಿಲ್ಲ,
ನಿಲ್ಲಿಸಬೇಕು ಹೊರಡಬೇಕು, ನಿಲ್ಲಿಸಬೇಕು ಹೊರಡಬೇಕು.
ಶುಕ್ರವಾರ ಹಿಮ ಅನ್ನುತ್ತಿತ್ತು ರೇಡಿಯೋ.
ಸಾವಿರದ ನಾನೂರು ಕುರಿ ಘಾಟಿಯಾಚೆ.
ನಮ್ಮ ಕಣಿವೆಯಲ್ಲಿ ಸಿಗ್ನಲ್ಲುಗಳೇ ಬೆರಳೆಣಿಕೆ.

ವಿಲ್ಬರ್ ನಾಯಿಯನ್ನು ಹತ್ತಿಸಿಕೊಂಡು
ದಕ್ಷಿಣಕ್ಕೆ, ಟ್ವಿನ್ ಫಾಲ್ಸ್ ಪಟ್ಟಣಕ್ಕೆ ಹೋದ.
ಎರಡು ರಾತ್ರಿ, ನಡುವೆ ಒಂದು ಹಗಲು.
ಟಯರು ಅಂಗಡಿ, ಮುಚ್ಚಿದ ಬ್ಯಾಂಕು, ಆಲೂಗಡ್ಡೆ ಕಾರ್ಖಾನೆಯ ಹಬೆ,
ಮತ್ತೆ ಟಯರು ಅಂಗಡಿ.
ರಾತ್ರಿ ಎರಡಕ್ಕೆ ಬೀದಿಯುದ್ದಕ್ಕೂ ಹಸಿರೋ ಹಸಿರು;
ಇವನು ದೂರದಿಂದಲೇ ನಿಧಾನಿಸುತ್ತಿದ್ದನಂತೆ,
ತಲುಪುವಷ್ಟರಲ್ಲಿ ಕೆಂಪಾಗಲಿ ಅಂತ.
ಪೊಲೀಸಿನವನೊಬ್ಬ ಅಡ್ಡಹಾಕಿ ಕೇಳಿದನಂತೆ,
ಏನು ಹುಡುಕುತ್ತಿದ್ದೀ?
"ಕೆಂಪು ದೀಪ."
ಆ ಮಾತಿಗೆ ಊದಿಸಿಯೂ ನೋಡಿದನಂತೆ.

ಗುರುವಾರ ಬೆಳಿಗ್ಗೆ ಬಲಗಾಲು ಮೊದಲಿಟ್ಟು ಇಳಿದ.
ಮೀಟರು ನೋಡಿದೆ: ನಾನೂರ ಅರವತ್ತು.
ಉಳಿದ ನಲವತ್ತು ನಾನು ಬಿಟ್ಟುಕೊಟ್ಟೆ.
ಗಾಡಿಯಡಿಗೆ ತಲೆ ತೂರಿಸಿ ಮೂಸಿದೆ,
ಬರೀ ನಾಯಿಯ ವಾಸನೆ.