ಐದಕ್ಷರದ ಊರು

‘ಕಾಸರಗೋಡು’ ಎಂಬ ಪದದ ಅಕ್ಷರಗಳನ್ನು
ಎಷ್ಟು ಬಗೆಯಲ್ಲಿ ಜೋಡಿಸಬಹುದು?
ಬೆರಳು ಮಡಚಿದೆ: ಕಾ, ಸ, ರ, ಗೋ, ಡು.
ಐದು ನಾಲ್ಕಲಿ ಇಪ್ಪತ್ತು, ಇಪ್ಪತ್ತು ಮೂರಲಿ ಅರವತ್ತು,
ಅರವತ್ತೆರಡಲಿ ನೂರಿಪ್ಪತ್ತು.
ಉತ್ತರದ ಸುತ್ತ ಚೌಕ ಹಾಕಿದೆ.

ಲಿಸ್ಸಿ ಟೀಚರ್ ಕೆಂಪು ಸೊನ್ನೆ ಕೊಟ್ಟರು.
ಸರಿಯುತ್ತರ ಅರವತ್ತು ಸಾವಿರದ ನಾನೂರ ಎಂಬತ್ತು:
ಇಂಗ್ಲಿಷಿನಲ್ಲಿ ಒಂಬತ್ತಕ್ಷರ, ಅದರಲ್ಲಿ ಮೂರು ‘ಎ’,
ಮೂರಕ್ಕೂ ಒಂದೇ ಮುಖ, ಆರರಿಂದ ಭಾಗಿಸು.
ಪಾಲಾದಿಂದ ಬಂದವರು, ಕನ್ನಡ ಬಾರದು;
ಅವರಿಗೂ ನಮಗೂ ನಡುವೆ
ಸೀಮೆಸುಣ್ಣವೊಂದೇ ದುಭಾಷಿ.

“ನಮ್ಮಲ್ಲಿ ‘ಎ’ ಬಿಡಿಯಾಗಿ ನಿಲ್ಲುವುದಿಲ್ಲ ಟೀಚರ್,
ಕ-ದ ಬೆನ್ನಿಗೆ ಅಂಟಿಕೊಂಡೇ ಉಂಟು” ಎಂದೆ,
ಅರ್ಧ ಮಲಯಾಳ, ಅರ್ಧ ಕೈಸನ್ನೆ.
ಅವರು ಬೋರ್ಡಿಗೆ ತಿರುಗಿ ತಮ್ಮ ಲಿಪಿಯಲ್ಲಿ ಊರು ಬರೆದರು.
ಎಣಿಸಿದರು. ಮತ್ತೊಮ್ಮೆ ಎಣಿಸಿದರು.
“ಅಂಜು” ಎಂದರು.
“ಅಂಜುವುದು ಎಂತಕ್ಕೆ?” ಹಿಂದಿನ ಬೆಂಚಿನಿಂದ ಮುನೀರಾ.
ಸೊನ್ನೆಯ ಪಕ್ಕ ಒಂದು ಅರ್ಧ ಬಿತ್ತು.
ಪಬ್ಲಿಕ್ ಪರೀಕ್ಷೆಯಲ್ಲಿ ಮಾತ್ರ ಹೀಗೆ ಬರೆಯಬೇಡ.

ಮನೆಯಲ್ಲಿ ಸಂಖ್ಯಾಶಾಸ್ತ್ರ. ಅಮ್ಮ ಬೀಡಿ ಸುತ್ತುತ್ತಾ
ಬ್ರಾಂಚಿನವ ಎಸೆದದ್ದರ ಲೆಕ್ಕ ಹೇಳಿದಳು, ಐದು ದಿನದ್ದು:
ಹನ್ನೆರಡು, ಹದಿನೆಂಟು, ಒಂಬತ್ತು, ಇಪ್ಪತ್ತೊಂದು, ಹದಿನೈದು.
ಸರಾಸರಿ ಹದಿನೈದು. ಏರಿದ್ದು ಇಳಿದದ್ದು ಕೂಡಿದರೆ ಸೊನ್ನೆ,
ಅದಕ್ಕೇ ವರ್ಗ ಮಾಡುವುದು ಎಂದೆ.
“ಸೊನ್ನೆ ಎಂತದ್ದು? ಒಂಬತ್ತು ಹೋದ ದಿನ ಉಳಿದ ಆರನ್ನು
ಇಪ್ಪತ್ತೊಂದರ ದಿನಕ್ಕೆ ಅವ ತಿರುಗಿ ಕೊಟ್ಟಿದ್ದಾನಾ?”
ನೂಲು ಹಲ್ಲಲ್ಲಿ ಕಚ್ಚಿಕೊಂಡೇ ಕೇಳಿದಳು.
ಮೂರು ರೂಟ್ ಎರಡು ಎಂದು ಬರೆದಿಟ್ಟೆ.
ಅವಳಿಗೆ ಹೇಳಲಿಲ್ಲ.

ಅವಕಲನದ ಕೊನೆಯ ಲೆಕ್ಕ ಇನ್ನೂ ಬಾಕಿ:
ಆರು ಮೀಟರ್ ದೀಪಕಂಬ, ಒಂದೂವರೆ ಮೀಟರಿನ ಆಳು,
ಸೆಕೆಂಡಿಗೊಂದು ಮೀಟರ್ ನಡೆದು ದೂರವಾದರೆ
ನೆರಳು ಎಷ್ಟು ವೇಗದಲ್ಲಿ ಬೆಳೆಯುತ್ತದೆ?
ನಾಲ್ಕು ಬೈ ಮೂರು ಎಂದು ಬರೆದೆ. ತಪ್ಪು.
ಅದು ನೆರಳಿನ ತುದಿ ಓಡುವ ವೇಗ;
ಉದ್ದ ಬೆಳೆಯುವುದು ಮೂರರಲ್ಲೊಂದು ಪಾಲು ಮಾತ್ರ,
ಕಂಬದ ಬುಡದಲ್ಲಿದ್ದರೂ, ಎಷ್ಟು ದೂರ ಹೋದರೂ.

ಮಾರ್ಚಿನ ಕೊನೆಗೆ ಟೀಚರಿಗೆ ವರ್ಗವಾಯಿತು.
ಕುಂಬಳೆ ಸ್ಟೇಶನ್ನಿನಲ್ಲಿ, ರಾತ್ರಿಯ ರೈಲಿಗೆ,
ದೀಪದಡಿಯಿಂದ ಬ್ಯಾಗು ಎಳೆದುಕೊಂಡು ನಡೆದರು
ಕುಳ್ಳಗಿನ ಲಿಸ್ಸಿ ಟೀಚರ್, ತಿರುಗಿ ನೋಡದೆ.
ನಾನು ತುದಿಯನ್ನೇ ನೋಡುತ್ತಿದ್ದೆ.
ಅದು ಅವರಿಗಿಂತ ಮೊದಲೇ ರೈಲು ಹತ್ತಿತು.