ಬಾಂದುಕಲ್ಲು

ತಣ್ಣೀರುಹಳ್ಳದಾಚೆಯ ಶೈತ್ಯಾಗಾರದಲ್ಲಿ
ಹದಿನಾಲ್ಕು ಕೋಣೆ.
ಕೋಣೆ ತುಂಬ ಬಿತ್ತನೆ ಆಲೂಗಡ್ಡೆ, ಗೋಣಿಯೊಳಗೆ,
ಮೇ ತಿಂಗಳವರೆಗೂ ಕಣ್ಣು ಬಿಡಬಾರದೆಂಬ ಷರತ್ತಿನ ಮೇಲೆ.
ಒಂದೊಂದು ಕೋಣೆಗೆ ಒಂದೊಂದು ಯಂತ್ರ;
ಯಂತ್ರವೆಂದರೆ ಇಲ್ಲದ ಯಂತ್ರ:
ಒಂದೇ ಕಬ್ಬಿಣದ ಪೆಟ್ಟಿಗೆಯ ಹೊಟ್ಟೆಯಲ್ಲಿ
ಹದಿನಾಲ್ಕು ಜನ, ತಾವೇ ಯಜಮಾನರೆಂದು ತಿಳಿದು ಬಾಳುವ ಸಂಸಾರ.
ನಿಮಿಷಕ್ಕೊಮ್ಮೆ ತಂಪೆಷ್ಟೆಂದು ಬರೆದಿಡುವುದು ಅವರ ಕಸುಬು.

ಹೋದ ಸಲ ಏಳನೆಯದು ಉಸಿರು ಕಟ್ಟಿತು.
ಬರೆಯಲು ಜಾಗವಿಲ್ಲ ಎಂದು ಬರೆಯಲೂ ಜಾಗವಿರಲಿಲ್ಲ.
ಮೂರು ದಿನ ಯಾರಿಗೂ ತಿಳಿಯಲಿಲ್ಲ;
ತಿಳಿದಾಗ ಗೋಣಿಯ ಸಂದಿನಿಂದ
ಬಿಳಿ ಮೊಳಕೆಗಳು ಬೆರಳು ಚಾಚಿದ್ದವು.
ಆ ಗೋಣಿಗಳ ಲೆಕ್ಕವನ್ನು ನನ್ನ ಸಂಬಳದಲ್ಲಿ ಹಿಡಿಯಲಿಲ್ಲ, ನಿಜ.
ಹಿಡಿಯಬಹುದಿತ್ತು ಎಂದು ಮಾತ್ರ ಎರಡು ಸಲ ಹೇಳಿದರು.

ಅದಕ್ಕೇ ಇವತ್ತು, ರಾತ್ರಿ ಒಂದೂವರೆಗೆ,
ಶಾಲು ಹೊದ್ದು ಕೂತು ಎಲ್ಲವನ್ನೂ ಹೊಸದಾಗಿ ನಿಲ್ಲಿಸುತ್ತಿದ್ದೇನೆ,
ಮೊದಲು ಏಳನೆಯದನ್ನೇ.
ಮೂಲಪ್ರತಿ ಬರುವುದು ಎರಡೇ ಜಿಬಿಯ ಮೈಯಲ್ಲಿ,
ಹಸುಗೂಸಿನ ಹಾಗೆ ಮುಷ್ಟಿ ಬಿಗಿದು.
ಎಬ್ಬಿಸುವ ಮೊದಲೇ ಹಿಗ್ಗಿಸಬೇಕು. ನಲವತ್ತು ಅಂದೆ.
ಒಂದು ಸಾಲು, ಒಂದು ಕೀಲಿ,
ರೆಪ್ಪೆ ಬಡಿಯುವಷ್ಟರಲ್ಲಿ ನಲವತ್ತು.

"ಹಿಗ್ತಾ?" ಅಂದ ಜವರಪ್ಪ, ಬಾಗಿಲಲ್ಲಿ,
ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸುತ್ತ.
ಕಾವಲಿಗೆ ಬರುವ ಮೊದಲು ಮೂವತ್ತೊಂದು ವರ್ಷ
ಸರ್ವೆಯವರ ಹಿಂದೆ ಸರಪಳಿ ಎಳೆದವನು;
ಅಳತೆಯ ಮಾತು ಬಂದರೆ ನಿದ್ದೆ ಬಿಡುತ್ತಾನೆ.

ಹಿಗ್ಗಿತು, ಆದರೆ ಅದಕ್ಕೇ ಗೊತ್ತಿಲ್ಲ, ಅಂದೆ.
ಒಳಗೆ ಹೋಗಿ ಕೇಳಿದರೆ ಇನ್ನೂ ಎರಡೇ ಅನ್ನುತ್ತದೆ.
ಜಮೀನು ಬಂತು, ಬೇಲಿ ಹಳೆಯದೇ.
ನಕ್ಷೆ ಒಂದು ಮೊದಲಲ್ಲಿ, ಅದರ ನಕಲು ಒಂದು ಕೊನೆಯಲ್ಲಿ.
ಕೊನೆ ದೂರ ಹೋಯಿತು;
ನಕಲು ನಿಂತಲ್ಲೇ ನಿಂತಿದೆ, ಈಗ ನಟ್ಟನಡುವೆ,
ಊರು ಬೆಳೆದು ಪೇಟೆಯೊಳಗೆ ಸಿಕ್ಕಿಕೊಂಡ ಹಳೇ ಸುಂಕದ ಕಟ್ಟೆ.

"ಬಾಂದುಕಲ್ಲು," ಅಂದ ಜವರಪ್ಪ ತಟ್ಟನೆ.
"ಅದುನ್ನ ಕಿತ್ತು ಹೊಸ ಗಡೀಗೆ ನೆಡ್‌ಬೇಕು. ಆಮೇಲೆ ಪೋಡಿ.
ಆಮೇಲೆ ಉಳೋನ್ಗೆ ಹೇಳ್‌ಬೇಕು, ಇಲ್ಲೀಗಂಟ ನಿಂದು ಅಂತ.
ಹೇಳ್ದೆ ಇದ್ರೆ ಅವ್ನು ಹಳೇ ಬದದತ್ರಾನೇ ಎತ್ತು ತಿರುಗಿಸ್ತಾನೆ."

ಮೂರೂ ಸರಿ. ನನ್ನ ಕೈಪಿಡಿಯಲ್ಲೂ ಇದೇ ಮೂರು,
ಇದೇ ಕ್ರಮದಲ್ಲಿ. ಎತ್ತು ಒಂದಿಲ್ಲ.

ಕೀಳುವಾಗ ಕೈ ತಡೆಯಿತು.
ರಾತ್ರಿಹೊತ್ತು ಬಾಂದುಕಲ್ಲಿಗೆ ಕೈಯಿಟ್ಟವರ ಕತೆ
ನಮ್ಮ ಕಡೆ ಮನೆಗೊಂದಿದೆ;
ನಮ್ಮ ಮನೆಯದು ಇನ್ನೂ ಕೋರ್ಟಿನಲ್ಲಿದೆ.
ಕಿತ್ತೆ. ನೆಟ್ಟೆ. ಗಡಿ ಎಳೆದೆ. ಒಳಗಿನವನಿಗೆ ಹೇಳಿದೆ.
ಸ್ವಲ್ಪ ಹೊತ್ತು ಸುಮ್ಮನಿದ್ದು
ಮೂವತ್ತೊಂಬತ್ತು ಚಿಲ್ಲರೆ, ಅಂದಿತು.
ಪೂರಾ ನಲವತ್ತನ್ನು ಯಾರೂ ಒಪ್ಪುವುದಿಲ್ಲ.

ಜವರಪ್ಪ ಟೀ ಮುಂದಿಟ್ಟ. ಹೋಗಲಿಲ್ಲ.
"ಯಾರ್ದು ಕಿತ್ಕೊಟ್ರಿ ಮೇಡಂ, ಆ ಮೂವತ್ತೆಂಟ?"
ಯಾರದ್ದೂ ಅಲ್ಲ. ಕೊಟ್ಟೇ ಇಲ್ಲ ಇನ್ನೂ.
ನಲವತ್ತು ಅಂತ ಹೇಳಿದ್ದಷ್ಟೆ. ಬರೆದಂತೆಲ್ಲ ಸಿಗುತ್ತದೆ,
ಬರೆಯದ ಜಾಗ ಬರೀ ಮಾತು.
"ಹದಿನಾಲ್ಕು ಜನಕ್ಕೂ ಇದೇ ಮಾತಾ?"
ಹೂಂ.
"ಪೆಟ್ಗೇಲಿ ಇರೋದು?"
ಇನ್ನೂರೈವತ್ತು.

ಬೆರಳು ಮಡಿಸಿದ, ಬಿಡಿಸಿದ. ನಗಲಿಲ್ಲ.
"ಅಚ್ಚುಕಟ್ಟಿನ ನಕ್ಷೆ ಹೊತ್ತಿದ್ದೆ ನಾನು.
ನಾಲೆ ತುದೀಲಿರೋ ಹೊಲಕ್ಕೂ ನಕ್ಷೇಲಿ ನೀರೈತೆ."

ಎಲ್ಲರೂ ಒಂದೇ ದಿನ ಕೇಳುವುದಿಲ್ಲ, ಅಂದೆ.
ಹಾಗನ್ನುವ ದನಿ ನನಗೆ ಪರಿಚಯದ್ದೇ:
ಕೌಂಟರುಗಳ ಈಚೆ ನಿಂತು ಬಹಳ ಸಲ ಕೇಳಿದ್ದೇನೆ.

ಎರಡು ಹದಿನಾಲ್ಕಕ್ಕೆ ಏಳನೆಯದು ಎದ್ದಿತು.
ಮೂರೂವರೆ ಡಿಗ್ರಿ, ಎಂದು ಬರೆಯಿತು.
ನಿಮಿಷ ಬಿಟ್ಟು ಮತ್ತೆ, ಮೂರೂವರೆ.
ಪೆಟ್ಟಿಗೆ ಇನ್ನೂರು ಮುಟ್ಟಿದರೆ ಫೋನು ಬಡಿಯಲಿ ಎಂದು
ನನ್ನ ನಂಬರು ಹಾಕಿದೆ;
ಅದರ ಕೆಳಗೆ, ಕೇಳದೆಯೇ, ಅವನದ್ದೂ.

ಟೀ ಆರಿದೆ.
ಇನ್ನು ಹದಿಮೂರು ಕಲ್ಲು ಕೀಳಬೇಕು
ಬೆಳಕು ಹರಿಯುವುದರೊಳಗೆ.